ರೀಪ್ಯಾಕ್ ಇಳಿಜಾರು

ಕ್ಯಾಲಿಫೋರ್ನಿಯದ ಫೇರ್‌ಫ್ಯಾಕ್ಸ್ ಊರಿನ ಬಳಿ ಸುಮಾರು ಎರಡು ಮೈಲಿಯ ಮಣ್ಣುದಾರಿಯೊಂದುಂಟು. ಇಳಿತ ಸುಮಾರು 1300 ಅಡಿ! 1976ರಲ್ಲಿ ಇಲ್ಲಿ ಹಳೆಯ ಸೈಕಲ್ಲುಗಳ ಪಂದ್ಯ ಆರಂಭವಾಯಿತು. ಒಮ್ಮೆ ಇಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು. ಅದನ್ನು ಮರಳಿ ತುಂಬಬೇಕಾಗಿದ್ದುದರಿಂದಲೇ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದಿತು.

ಇಂದಿನ ಸವಾರನ ಚಿಂತೆ ರಿಮ್ಮಿನದು. ಟ್ಯೂಬಿಲ್ಲದ ಟಯರಿನಲ್ಲಿ ಗಾಳಿ ಕಡಿಮೆಯಿಟ್ಟರೆ ನೆಲದ ಹಿಡಿತ ಹೆಚ್ಚುತ್ತದೆ. ಆದರೆ ತಿರುವಿನಲ್ಲಿ ಟಯರಿನ ಅಂಚು ಜಾರಿತೆಂದರೆ ಗಾಳಿಯೆಲ್ಲ ಒಮ್ಮೆಗೇ ಖಾಲಿ. ಸವಾರನ ಗತಿಯನ್ನು ಓದುಗರೇ ಊಹಿಸಬಹುದು. ಆದುದರಿಂದ ಆ ಅಂಚನ್ನು ತಡೆದು ನಿಲ್ಲಿಸುವ ಸಣ್ಣ ಏಣು ಒಳಮೈಯಲ್ಲಿರುವ ರಿಮ್ಮನ್ನೇ ಆರಿಸಬೇಕು. 2.4 ಅಂಗುಲದ ಟಯರಿಗೆ 30 ಮಿಲಿಮೀಟರಿನ ಒಳಅಗಲ ಒಪ್ಪುತ್ತದೆ. ಹಗುರವಾದ ರಿಮ್ಮಿನ ಮೋಹ ಏರುವಾಗ ಸರಿಯೆ. ಕಲ್ಲಿನ ಪೆಟ್ಟು ತಿನ್ನುವ ಹಿಂಚಕ್ರಕ್ಕೆ ನಾನಾದರೆ ಗಟ್ಟಿಯಾದುದನ್ನೇ ಹಾಕಿಸುವೆನು.