ಮುಟ್ಟುತ್ತದೋ, ಕತ್ತರಿಸುತ್ತದೋ?



ಒಂದು ಸರಳರೇಖೆ ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿದರೆ ಅದು ಸ್ಪರ್ಶಕ. ಎರಡು ಕಡೆ ಕತ್ತರಿಸಿದರೆ ಛೇದಕ. ಇದು ನಮ್ಮಕ್ಕನ ಹತ್ತನೇ ತರಗತಿ ಪುಸ್ತಕದಲ್ಲಿದೆ. ತ್ರಿಜ್ಯದ ತುದಿಯಲ್ಲಿ ಲಂಬವಾಗಿ ಎಳೆದ ಗೆರೆ ವೃತ್ತದ ಒಳಗೆ ಹೋಗುವುದಿಲ್ಲ ಎಂದು ಸುಮಾರು 2300 ವರ್ಷಗಳ ಹಿಂದೆಯೇ ಯೂಕ್ಲಿಡ್ ಸಾಧಿಸಿ ತೋರಿಸಿದ್ದಾನೆ. ಆದ್ದರಿಂದ ಕೇಂದ್ರದಿಂದ ಗೆರೆಗೆ ಇರುವ ಲಂಬದೂರ ತ್ರಿಜ್ಯಕ್ಕೆ ಸಮನಾದರೆ ಸ್ಪರ್ಶಕ, ಕಡಿಮೆಯಾದರೆ ಛೇದಕ, ಹೆಚ್ಚಾದರೆ ಗೆರೆ ವೃತ್ತವನ್ನು ಮುಟ್ಟುವುದೇ ಇಲ್ಲ.

ಈ ಸಲ ಸುಗ್ಗಿಗೆ ಮೊದಲು ಈ ಲೆಕ್ಕ ನಮ್ಮ ಮನೆಗೇ ಬೇಕಾಯಿತು. ದೊಡ್ಡಪ್ಪನ ರಾಗಿ ಕಣ ದುಂಡಗಿದೆ. ಮೇಟಿಯಿಂದ ಅಂಚಿಗೆ 12 ಅಡಿ, ಅದು ತಾತನ ಕಾಲದ ಅಳತೆ. ಪಕ್ಕದಲ್ಲಿ ಬೇಲಿ ಹಾಕಲು ನಮ್ಮಪ್ಪ ಗೂಟ ಹೊಡೆದು ದಾರ ಎಳೆದರು. "ಕಣದೊಳಕ್ಕೆ ಬಂದೀಯ" ಅಂದರು ದೊಡ್ಡಪ್ಪ. "ಬರೀ ಮುಟ್ಟೈತೆ" ಅಂದರು ಅಪ್ಪ. ಮೂರು ದಿನ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ.

ಕಣದ ಅಂಚು ಸವೆದು ಹೋಗಿದೆ, ಕಣ್ಣಳತೆ ಸಾಲದು. ಸ್ಪರ್ಶಬಿಂದುವಿನಿಂದ 1 ಅಡಿ ಆಚೆ ಹೋದರೂ ಇಷ್ಟು ದೊಡ್ಡ ವೃತ್ತಕ್ಕೂ ಗೆರೆಗೂ ನಡುವೆ ಅರ್ಧ ಇಂಚು ಮಾತ್ರ ಸಂದು ಇರುತ್ತದೆ. ಎಲ್ಲಿ ಮುಟ್ಟಿತು ಅಂತ ಹೇಗೆ ಹೇಳುವುದು?

ಹಗ್ಗ ಜಗ್ಗುತ್ತದೆ ಅಂತ 13 ಅಡಿ ತಂತಿ ತಗೊಂಡೆ. ಒಂದು ತುದಿ ಮೇಟಿಗೆ ಕಟ್ಟಿ, ಇನ್ನೊಂದು ತುದಿ ಅಪ್ಪನ ದಾರವನ್ನು ಸೇರುವ ಎರಡು ಕಡೆ ಗುರುತು ಮಾಡಿದೆ. ಆ ಎರಡು ಗುರುತಿನ ಸರಿ ಮಧ್ಯವೇ ಮೇಟಿಗೆ ತೀರಾ ಹತ್ತಿರದ ಜಾಗ. ದಾರ ಸ್ಪರ್ಶಕವಾಗಿದ್ದರೆ ಗುರುತುಗಳ ನಡುವೆ 10 ಅಡಿ ಬರಬೇಕು. ಯಾಕೆಂದರೆ 13ರ ವರ್ಗ 169, ಅರ್ಧದ ಅಂದರೆ 5ರ ವರ್ಗ 25. ಕಳೆದರೆ 144, ಅದು 12ರ ವರ್ಗ.

ಆದರೆ ಬಂದದ್ದು 11 ಅಡಿ! ಅರ್ಧ 5.5, ಅದರ ವರ್ಗ 30.25. 169ರಲ್ಲಿ ಕಳೆದರೆ 138.75. ಇದು 144ಕ್ಕಿಂತ ಕಡಿಮೆ. ಅಂದರೆ ದಾರ ಛೇದಕ.

ಅಪ್ಪನ ಎದುರು ಹೇಳಲು ನನಗೆ ಎದೆ ಡವಡವ ಅಂತಿತ್ತು. ಇನ್ನೊಂದು ಸಲ ಅಳೆದೆ, ಅಷ್ಟೇ ಬಂತು. "ಅಪ್ಪಾ, ದಾರ ಒಳಗೈತೆ" ಅಂದೆ. ಅಪ್ಪ ಮಾತಾಡದೆ ತಾವೇ ಟೇಪು ಹಿಡಿದು ಮೇಟಿಯಿಂದ ಆ ಮಧ್ಯಕ್ಕೆ ಅಳೆದರು. 11 ಅಡಿ 9 ಇಂಚು, ಮೇಲೆ ಸ್ವಲ್ಪ. ಎರಡೂವರೆ ಇಂಚಿಗಿಂತ ತುಸು ಹೆಚ್ಚೇ ಒಳಗೆ ಬಂದಿತ್ತು. ಗೂಟ ಕಿತ್ತು ಮೂರು ಇಂಚು ಆಚೆ ಹೊಡೆದರು.

"ಹೋಗ್ಲಿ ಬಿಡೋ, ಮೂರು ಬೆರಳು ಜಾಗ" ಅಂದರು ದೊಡ್ಡಪ್ಪ. "ಇಲ್ಲಣ್ಣ, ಲೆಕ್ಕ ಲೆಕ್ಕವೇ" ಅಂದರು ಅಪ್ಪ. ಅವತ್ತು ರಾತ್ರಿ ಅಜ್ಜಿ ಎರಡು ಮುದ್ದೆ ಉಂಡರು.

ಗೆಳೆಯರೇ, ಶಾಲೆ ಅಂಗಳದಲ್ಲಿ ಗೂಟ, ದಾರ ಇಟ್ಟುಕೊಂಡು ನೀವೂ ಮಾಡಿ ನೋಡಿ. ಮೊದಲು ಕಣ್ಣಳತೆಯಲ್ಲಿ ಹೇಳಿ, ಆಮೇಲೆ ಅಳೆಯಿರಿ.

— ಏಳನೇ ತರಗತಿ