ಹಲ್ಲಿನ ಮೇಲಣ ಬಿಳಿಯ ಕಲೆ



ನಮ್ಮ ಶಾಲೆಯ ಯಾವುದಾದರೂ ವಾರ್ಷಿಕೋತ್ಸವದ ಭಾವಚಿತ್ರವನ್ನು ತೆಗೆದು ನೋಡಿರಿ. ಎಲ್ಲರೂ ನಗುತ್ತಿರುವಾಗ ನಿಮ್ಮ ಈ ಮಾಸ್ತರನೊಬ್ಬನು ತುಟಿಗಳನ್ನು ಬಿಗಿಹಿಡಿದು ನಿಂತಿರುವುದು ಕಾಣುತ್ತದೆ. "ಗುರುಗಳು ಬಹಳ ಗಂಭೀರ ಸ್ವಭಾವದವರು" ಎಂದು ನಿಮ್ಮಲ್ಲಿ ಕೆಲವರು ಮಾತನಾಡಿಕೊಂಡುದು ನನ್ನ ಕಿವಿಗೆ ಬಿದ್ದಿದೆ. ಅದು ಗಾಂಭೀರ್ಯವಲ್ಲ, ನಾಚಿಕೆ. ನನ್ನ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿಯ ಕಲೆಗಳೂ ಅವುಗಳ ನಡುವೆ ಕಂದುಬಣ್ಣದ ಗೆರೆಗಳೂ ಇವೆ. ಆ ಕಲೆಗಳ ಕಥೆಯನ್ನೂ, ಅವುಗಳ ದೆಸೆಯಿಂದ ನಾನು ಮಾಡಿದ ಒಂದು ತಪ್ಪನ್ನೂ ನಿಮ್ಮ ಮುಂದೆ ಇಡುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಹುಟ್ಟೂರು ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿದೆ. ಮಳೆ ಕಡಿಮೆಯಾದ ನಾಡು. ನಮ್ಮ ಓಣಿಗೆಲ್ಲ ಒಂದೇ ಕೊಳವೆಬಾವಿ. ಅದರ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆ ನೀರನ್ನೇ ಕುಡಿದು ನಾವು ಬೆಳೆದೆವು. ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲುಗಳು ಮೂಡಿದಾಗ, ಅವು ಮೂಡುವಾಗಲೇ ಕಲೆಗಳನ್ನು ಹೊತ್ತು ಬಂದವು. ಓಣಿಯ ಅನೇಕ ಹುಡುಗರ ಪಾಡೂ ಅದೇ ಆಗಿದ್ದುದರಿಂದ ನಮಗೆ ಅದರಲ್ಲಿ ವಿಶೇಷವೇನೂ ತೋರಲಿಲ್ಲ.

ಮೇಲಿನ ತರಗತಿಗಾಗಿ ನಾನು ಪರವೂರಿನ ಶಾಲೆಗೆ ಹೋಗಬೇಕಾಯಿತು. ಒಂದು ದಿನ ತರಗತಿಯಲ್ಲಿ ಪದ್ಯವನ್ನು ಒಪ್ಪಿಸಲು ಎದ್ದು ನಿಂತೆನು. ಶಿಕ್ಷಕರೊಬ್ಬರು ನನ್ನ ಬಾಯಿಯನ್ನು ನೋಡಿ, "ಮೊದಲು ಹಲ್ಲು ತಿಕ್ಕಿಕೊಂಡು ಬಾ, ಆಮೇಲೆ ಪದ್ಯ ಹೇಳುವಿಯಂತೆ" ಎಂದರು. ತರಗತಿಯೆಲ್ಲ ನಕ್ಕಿತು. ಅಂದು ಸಂಜೆ ನಾನು ಇಟ್ಟಂಗಿಯ ಪುಡಿ, ಇದ್ದಿಲು, ಉಪ್ಪು ಎಲ್ಲವನ್ನೂ ಬೆರೆಸಿ, ಒಸಡಿನಿಂದ ರಕ್ತ ಸುರಿಯುವವರೆಗೆ ಹಲ್ಲುಜ್ಜಿದೆನು. ಅವ್ವ ಓಡಿಬಂದು ಕೈ ಹಿಡಿದಳು. "ಹುಟ್ಟತಾನ ಬಂದ ಬಣ್ಣ ತಿಕ್ಕಿದ್ರ ಹೊಕ್ಕೈತೇನೋ ಯಪ್ಪಾ?" ಎಂದಳು. ಓದುಬರಹ ಅರಿಯದ ಅವಳ ಮಾತು ಅಕ್ಷರಶಃ ಸತ್ಯವೆಂಬುದು ತಿಳಿಯಲು ನನಗೆ ಎಷ್ಟೋ ವರ್ಷಗಳು ಹಿಡಿದವು. ಅಂದಿನಿಂದ ನಗುವಾಗಲೆಲ್ಲ ನನ್ನ ಕೈ ತಾನಾಗಿಯೇ ಬಾಯಿಯನ್ನು ಮುಚ್ಚತೊಡಗಿತು.

ಈ ಮುಂಬಯಿ ನಗರಕ್ಕೆ ಬಂದು ಕೆಲವು ವರ್ಷಗಳಾದ ಮೇಲೆ, ಬುದ್ಧಿಹಲ್ಲಿನ ನೋವಿಗಾಗಿ ದಂತವೈದ್ಯೆಯೊಬ್ಬರಲ್ಲಿಗೆ ಹೋದೆನು. ಅವರು ನನ್ನ ಮುಂದಿನ ಹಲ್ಲುಗಳನ್ನು ಕಂಡು, "ನಿಮ್ಮ ಬಾಲ್ಯ ಯಾವ ಊರಿನಲ್ಲಿ ಕಳೆಯಿತು? ಅಲ್ಲಿ ಯಾವ ನೀರು ಕುಡಿಯುತ್ತಿದ್ದಿರಿ?" ಎಂದು ಕೇಳಿದರು. ಅದುವರೆಗೆ ನನ್ನನ್ನು ಬೈದವರಿದ್ದರು, ನಕ್ಕವರಿದ್ದರು. ಹೀಗೆ ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ.

ಅವರು ತಿಳಿಸಿದ ವಿಷಯವಿಷ್ಟು. ನಮ್ಮ ಹಲ್ಲಿಗೆ ಎನಾಮಲ್ ಎಂಬ ಕವಚವಿದೆ. ದೇಹದಲ್ಲಿ ಅದರಷ್ಟು ಗಟ್ಟಿಯಾದ ವಸ್ತು ಬೇರೊಂದಿಲ್ಲ. ನಮಗೆ ಆರೇಳು ವರ್ಷವಾದಾಗ ಮೂಡುವ ಮುಂದಿನ ಹಲ್ಲುಗಳ ಕವಚವು, ನಾವು ಕೂಸಾಗಿರುವಾಗಲೇ ಒಸಡಿನೊಳಗೆ ರೂಪುಗೊಳ್ಳತೊಡಗುತ್ತದೆ. ಆ ಕಾಲದಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿದ್ದರೆ ಕವಚವು ಸರಿಯಾಗಿ ಬಲಿಯುವುದಿಲ್ಲ. ಅದರಲ್ಲಿ ಸೂಕ್ಷ್ಮವಾದ ರಂಧ್ರಗಳು ಉಳಿಯುತ್ತವೆ. ಅವೇ ಬಿಳಿಯ ಕಲೆಗಳಾಗಿ ತೋರುತ್ತವೆ. ಹಲ್ಲು ಹೊರಬಂದ ಮೇಲೆ ಆ ರಂಧ್ರಗಳಲ್ಲಿ ಬಣ್ಣ ಸೇರಿ ಕೆಲವು ಕಲೆಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ನೆಲದಡಿಯ ಕೆಲವು ಬಗೆಯ ಶಿಲೆಗಳಿಂದ ಫ್ಲೋರೈಡ್ ಕರಗಿ ಆಳದ ನೀರನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಈ ಗುಟ್ಟನ್ನು ಕಂಡುಹಿಡಿಯಲು ಲೋಕಕ್ಕೂ ಬಹುಕಾಲ ಬೇಕಾಯಿತು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದನು. ಅಲ್ಲಿ ಬೆಳೆದವರ ಹಲ್ಲುಗಳಲ್ಲಿ ಕಂದುಕಲೆಗಳನ್ನು ಕಂಡು ಅದರ ಕಾರಣವನ್ನು ಹುಡುಕತೊಡಗಿದನು. ಕುಡಿಯುವ ನೀರೇ ಕಾರಣವಿರಬೇಕೆಂದು ಊಹಿಸಿದನಾದರೂ, ನೀರಿನಲ್ಲಿರುವುದು ಏನೆಂಬುದು ಖಚಿತವಾಗಲಿಲ್ಲ. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ಅಂತಹ ನೀರಿನಲ್ಲಿ ಫ್ಲೋರೈಡನ್ನು ಗುರುತಿಸಿದನು. ಮೂವತ್ತು ವರ್ಷಗಳ ತಾಳ್ಮೆ ಫಲಿಸಿತು! ನಮ್ಮ ದೇಶದಲ್ಲಿ ಈ ವ್ಯಾಧಿಯು 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು. ಇದರಲ್ಲಿ ಇನ್ನೊಂದು ಸೋಜಿಗವಿದೆ. ಕಲೆಯಿದ್ದ ಆ ಹಲ್ಲುಗಳು ಅಷ್ಟು ಬೇಗ ಹುಳುಕಾಗುತ್ತಿರಲಿಲ್ಲ. ಅತಿಯಾದರೆ ಹಲ್ಲನ್ನು ಕೆಡಿಸುವ ಫ್ಲೋರೈಡ್, ಮಿತವಾಗಿದ್ದರೆ ಅದನ್ನು ಕಾಯುತ್ತದೆ. ಆದುದರಿಂದಲೇ ಇಂದು ಹಲ್ಲುಜ್ಜುವ ಪೇಸ್ಟಿನಲ್ಲಿ ಅದನ್ನು ಬೆರೆಸುತ್ತಾರೆ.

ಇದನ್ನೆಲ್ಲ ಕೇಳಿದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನು ಕೊಳಕನಾಗಿರಲಿಲ್ಲ! ಆದರೆ ಈ ಸಮಾಧಾನವೇ ಮುಂದೆ ನನ್ನನ್ನು ದಾರಿತಪ್ಪಿಸಿತು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಬಾಲಕನೊಬ್ಬನು, ಶಾಲೆ ಬಿಟ್ಟ ಮೇಲೆ ಸಂಕೋಚದಿಂದ ಬಳಿಗೆ ಬಂದನು. "ಗುರುಗಳೇ, ನನ್ನ ಹಲ್ಲಿಗೂ ನಿಮ್ಮ ಹಲ್ಲಿನಂತೆ ಬಿಳೀ ಕಲೆ ಬಂದಾವ. ಏನು ಮಾಡಲಿ?" ಎಂದು ಕೇಳಿದನು. ಅವನ ತಂದೆ ನಮ್ಮ ಸೀಮೆಯವರೇ. ನಾನು ಹಿಂದುಮುಂದು ನೋಡದೆ, "ಅದು ನಮ್ಮ ಊರಿನ ನೀರಿನ ಗುರುತು. ಅದರಲ್ಲಿ ನಿನ್ನ ತಪ್ಪಿಲ್ಲ, ತಿಕ್ಕಿದರೆ ಹೋಗುವುದೂ ಇಲ್ಲ. ಚಿಂತಿಸಬೇಡ" ಎಂದೆನು. ಅವನು ಹಗುರಾದ ಮುಖದಿಂದ ಮನೆಗೆ ಹೋದನು. ನನಗೆ ಬಾಲ್ಯದಲ್ಲಿ ದೊರೆಯದ ಸಾಂತ್ವನವನ್ನು ನಾನು ಇನ್ನೊಬ್ಬನಿಗೆ ಕೊಟ್ಟೆನೆಂದು ಅಂದು ಬಹಳ ಹಿಗ್ಗಿದೆನು.

ಒಂದು ವರ್ಷ ಕಳೆಯಿತು. ಅದೇ ಬಾಲಕನು ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವುದೆಂದು ಮುಖ ಹಿಂಡತೊಡಗಿದನು. ಅವನ ತಂದೆ ಒಂದು ದಿನದ ಕೂಲಿಯನ್ನು ಬಿಟ್ಟು ಬಂದರು. ಮೂವರೂ ಆ ವೈದ್ಯೆಯ ಬಳಿಗೆ ಹೋದೆವು. ಅವರು ಎಂದಿನಂತೆ ಮೊದಲು ಊರನ್ನೂ ನೀರನ್ನೂ ವಿಚಾರಿಸಿದರು. ತಂದೆ, "ಇವ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ ರೀ. ಊರಿಗೆ ವರ್ಷಕ್ಕ ಎಂಟು ದಿನ ಹೋದ್ರ ಹೆಚ್ಚು" ಎಂದರು. ನನ್ನ ಮುಖ ಕಪ್ಪಿಟ್ಟಿತು. ಈ ನಗರಕ್ಕೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಮುಂತಾದ ಜಲಾಶಯಗಳ ನೀರು. ನಮ್ಮ ಓಣಿಯ ಕೊಳವೆಬಾವಿಯ ನೀರಲ್ಲ. ಭೂಗೋಳ ಪಾಠದಲ್ಲಿ ನಾನೇ ಅದನ್ನು ಕಲಿಸಿದ್ದೆನು!

ಆ ಬಾಲಕನ ಕಲೆಗಳು ಹುಳುಕಿನ ಮೊದಲ ಗುರುತುಗಳಾಗಿದ್ದವು. ಚಹಾದಲ್ಲಿ ಅದ್ದಿದ ಬಿಸ್ಕೀಟು, ಹೊತ್ತುಗೊತ್ತಿಲ್ಲದ ಚಾಕಲೇಟು, ರಾತ್ರಿ ಬಾಯಿ ತೊಳೆಯದೆ ಮಲಗುವ ಅಭ್ಯಾಸ. ಹಲ್ಲಿಗಂಟಿದ ಸಿಹಿಯನ್ನು ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾಡುತ್ತವೆ. ಆಮ್ಲವು ಕವಚದೊಳಗಿನ ಸುಣ್ಣದ ಅಂಶವನ್ನು ಕರಗಿಸುತ್ತದೆ. ಆಗ ಒಸಡಿನ ಅಂಚಿನಲ್ಲಿ ಹೊಳಪಿಲ್ಲದ ಬಿಳಿಯ ಕಲೆ ಮೂಡುತ್ತದೆ. "ಈ ಹಂತದಲ್ಲಿ ಬಂದಿದ್ದರೆ, ಸರಿಯಾಗಿ ಹಲ್ಲುಜ್ಜಿಸಿ, ಫ್ಲೋರೈಡ್ ಲೇಪ ಹಚ್ಚಿ ಇದನ್ನು ತಡೆಯಬಹುದಾಗಿತ್ತು. ಈಗ ಮೇಲ್ಮೈ ಒಡೆದಿದೆ, ಕೊರೆದು ತುಂಬಬೇಕು" ಎಂದರು ವೈದ್ಯೆ. ಎರಡು ಹಲ್ಲುಗಳನ್ನು ಕೊರೆಯುವಾಗ ಆ ಬಾಲಕನು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದನು. ನನ್ನ ಮೇಲಿನ ಅವನ ನಂಬಿಕೆ ಅಂದು ನನ್ನನ್ನು ಚುಚ್ಚಿದಷ್ಟು ಬೇರೇನೂ ಚುಚ್ಚಲಿಲ್ಲ.

ಮಿತ್ರರೇ, ಆದಕಾರಣ ಈ ಭೇದವನ್ನು ಚೆನ್ನಾಗಿ ತಿಳಿದಿರಿ. ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಹಲ್ಲು ಮೂಡಿದಂದಿನಿಂದಲೇ ಇರುವ ಕಲೆಗಳು ಬಹುಮಟ್ಟಿಗೆ ಫ್ಲೋರೈಡಿನವು. ಮೊದಲು ಇಲ್ಲದೆ, ಒಸಡಿನ ಬಳಿ ಹೊಸತಾಗಿ ಕಾಣಿಸಿಕೊಂಡವು ಹುಳುಕಿನ ಮುನ್ಸೂಚನೆ. ಒಂದೇ ಹಲ್ಲಿನಲ್ಲಿ ಮಾತ್ರ ಕಲೆಯಿದ್ದರೆ, ಎಳವೆಯಲ್ಲಿ ಹಾಲುಹಲ್ಲಿಗೆ ತಗಲಿದ ಪೆಟ್ಟೋ ಅದರ ಬೇರಿನ ಕೀವೋ ಕಾರಣವಾಗಿರಬಹುದು. ಆದರೆ ಕೊನೆಯ ನಿರ್ಣಯವು ದಂತವೈದ್ಯರದು. ಕನ್ನಡಿಯದೂ ಅಲ್ಲ, ನನ್ನಂತಹ ಮಾಸ್ತರನದೂ ಅಲ್ಲ.

ಹುಳುಕನ್ನು ತಡೆಯುವುದು ನಿಮ್ಮ ಕೈಯಲ್ಲಿದೆ. ದಿನಕ್ಕೆ ಎರಡು ಬಾರಿ, ಅದರಲ್ಲಿಯೂ ರಾತ್ರಿ ಮಲಗುವ ಮುನ್ನ ತಪ್ಪದೆ, ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿರಿ. ಸಿಹಿಯನ್ನು ಊಟದೊಡನೆ ತಿನ್ನಿರಿ, ದಿನವಿಡೀ ಬಾಯಾಡಿಸಬೇಡಿರಿ. ಮೂರರಿಂದ ಆರು ವರ್ಷದ ತಮ್ಮ ತಂಗಿಯರಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಅದನ್ನು ನುಂಗದೆ ಉಗುಳುವಂತೆ ಕಲಿಸಿರಿ. ಇಟ್ಟಂಗಿಯ ಪುಡಿ, ಇದ್ದಿಲುಗಳಿಂದ ಕಲೆ ಹೋಗುವುದಿಲ್ಲ, ಕವಚ ಸವೆಯುತ್ತದೆ. ಫ್ಲೋರೋಸಿಸ್ಸಿನ ಕಲೆ ತೀರ ಎದ್ದು ಕಾಣುತ್ತಿದ್ದರೆ, ಮೇಲ್ಪದರವನ್ನು ನವುರಾಗಿ ಉಜ್ಜಿ ತೆಗೆಯುವ ಇಲ್ಲವೆ ಹಲ್ಲಿನ ಬಣ್ಣದ ಲೇಪದಿಂದ ಮುಚ್ಚುವ ಚಿಕಿತ್ಸೆಗಳು ವೈದ್ಯರಲ್ಲಿ ಉಂಟು.

ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಹಿರಿಯರಿಗೆ ಒಂದು ಮಾತು ಹೇಳಿರಿ. ನೀರು ತಿಳಿಯಾಗಿದೆಯೆಂದು ನಂಬಬಾರದು, ಪರೀಕ್ಷೆ ಮಾಡಿಸಬೇಕು. ಕಾಯಿಸಿದರೂ, ಬಟ್ಟೆಯಲ್ಲಿ ಸೋಸಿದರೂ ಫ್ಲೋರೈಡ್ ಹೋಗುವುದಿಲ್ಲ. ಶುಚಿಯಾಗಿ ಸಂಗ್ರಹಿಸಿದ ಮಳೆನೀರು, ಶುದ್ಧೀಕರಿಸಿದ ನದಿಯ ನೀರು, ಫ್ಲೋರೈಡ್ ತೆಗೆಯುವ ಯಂತ್ರದ ನೀರು ಇವೇ ದಾರಿ. ಎಳೆಯ ಕೂಸುಗಳಿಗೆ ಇವು ದೊರೆತರೆ ಅವರ ಹಲ್ಲು ಕಲೆಯಿಲ್ಲದೆ ಮೂಡೀತು. ವರ್ಷಗಟ್ಟಲೆ ಫ್ಲೋರೈಡ್ ಅತಿಯಾದ ನೀರನ್ನೇ ಕುಡಿದರೆ ಎಲುಬು ಕೀಲುಗಳೂ ಬಿಗಿದು ಬೆನ್ನು ಬಾಗುವುದುಂಟು. ಆದುದರಿಂದ ಇದು ಬರಿಯ ಅಂದದ ಮಾತಲ್ಲ.

ನನ್ನನ್ನು ಬೈದ ಶಿಕ್ಷಕರೂ, ಬಾಲಕನನ್ನು ಸಂತೈಸಿದ ನಾನೂ ಮಾಡಿದ ತಪ್ಪು ಒಂದೇ. ಇಬ್ಬರೂ ಕಲೆಯನ್ನು ನೋಡಿದೆವು, ಕಾರಣವನ್ನು ಕೇಳಲಿಲ್ಲ. ನೀವು ಕೇಳಿರಿ. ಸಹಪಾಠಿಯ ಹಲ್ಲಿನಲ್ಲಿ ಕಲೆ ಕಂಡರೆ ನಗಬೇಡಿರಿ. ನಿಮ್ಮ ಹಲ್ಲಿನಲ್ಲಿ ಕಂಡರೆ ಮುಚ್ಚಿಡಬೇಡಿರಿ.

ಈ ಸಲದ ಭಾವಚಿತ್ರಕ್ಕೆ ನಾನೂ ಬಾಯಿತೆರೆದು ನಗುವೆನೆಂದು ಆ ಬಾಲಕನಿಗೆ ಮಾತು ಕೊಟ್ಟಿದ್ದೇನೆ.