ದತ್ತಕದ ಮಾತು

ನಮ್ಮ ಕಡೆ ಮದುವೆ, ಕುಬುಸ, ತೊಟ್ಟಿಲು ಎಂದರೆ ಎಲ್ಲರೂ ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ದತ್ತಕದ ಮಾತು ಬಂತೆಂದರೆ ಮಾತ್ರ ದನಿ ತಾನಾಗಿ ಇಳಿಯುತ್ತದೆ, ಪಡಸಾಲೆಯ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಆದರೆ ನಮ್ಮ ಸೀಮೆಯ ಇತಿಹಾಸವೆಲ್ಲ ಈ ಪಿಸುಮಾತಿನ ಮೇಲೆಯೇ ನಿಂತಿದೆ. ನನ್ನ ತವರು ರಾಮದುರ್ಗ, ಕೊಟ್ಟ ಮನೆ ಬೈಲಹೊಂಗಲ, ತಂಗಿಯನ್ನು ಕೊಟ್ಟದ್ದು ಸವದತ್ತಿಗೆ. ಕಿತ್ತೂರು ಬಸ್ಸಿನ ದಾರಿಯಲ್ಲೇ ಇದೆ. ಈ ನಾಲ್ಕೂ ಊರುಗಳ ಕಡೆ ದತ್ತಕದ ಒಂದೊಂದು ಗಂಟು ಇದೆ.

ಕಿತ್ತೂರಿನದು ನಿಮಗೆಲ್ಲ ಗೊತ್ತಿದ್ದದ್ದೇ. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1824ರ ಸೆಪ್ಟೆಂಬರಿನಲ್ಲಿ ಅವನೂ ಮಕ್ಕಳಿಲ್ಲದೆ ಹೋದ. ಹೋಗುವ ಮೊದಲು ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಪತ್ರದ ರುಜುವಿನ ಮೇಲೆಯೇ ಅವನಿಗೆ ಸಂಶಯ. ಅರಮನೆಯ ಭಂಡಾರಕ್ಕೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನೇ ಗುಂಡಿಗೆ ಬಿದ್ದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮನನ್ನು ನಮ್ಮ ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಇಲ್ಲಿಯೇ ತೀರಿಕೊಂಡಳು. ಸಂತೆಗೆ ಹೋಗುವಾಗ ನಾವು ಕೈಮುಗಿದು ಮುಂದೆ ಹೋಗುವ ಸಮಾಧಿ ಅವಳದೇ.

ಇದರಲ್ಲಿ ನನ್ನನ್ನು ಕಾಡುವ ಸಂಗತಿ ಒಂದಿದೆ. ಚೆನ್ನಮ್ಮ ಹೆತ್ತ ಮಗ ಮೊದಲೇ ಹೋಗಿದ್ದ. ಶಿವಲಿಂಗರುದ್ರಸರ್ಜ ಸವತಿಯ ಮಗ. ಶಿವಲಿಂಗಪ್ಪ ಆ ಸವತಿಯ ಮಗನ ದತ್ತು ಮಗ. ಅಂದರೆ ಯಾರ ಹಕ್ಕಿಗಾಗಿ ಅವಳು ಕತ್ತಿ ಹಿಡಿದಳೋ ಅವನಿಗೂ ಅವಳಿಗೂ ರಕ್ತದ ನಂಟಿಲ್ಲ. ಅವಳು ಕಾದಾಡಿದ್ದು ರಕ್ತಕ್ಕಾಗಿ ಅಲ್ಲ, ಮನೆಗಾಗಿ.

ನನ್ನ ಚಿಕ್ಕ ಮಗಳು ಬೆಳಗಾವಿಯಲ್ಲಿ ಇತಿಹಾಸ ಓದುತ್ತಾಳೆ. ರಜೆಗೆ ಬಂದಾಗ ಜಪಾನಿನ ಚಕ್ರವರ್ತಿಗಳ, ಸಮುರಾಯಿಗಳ ಮೇಲೆ ಒಂದು ಪುಸ್ತಕ ತಂದಿದ್ದಳು. ಮಧ್ಯಾಹ್ನ ಕರೆಂಟು ಹೋದಾಗ ತೊಲೆಬಾಗಿಲಲ್ಲಿ ಕುಳಿತು ಓದತೊಡಗಿದೆ. ಕತ್ತಿ, ಕುದುರೆ, ಹೊಟ್ಟೆ ಸೀಳಿಕೊಳ್ಳುವ ವೀರರ ಕಥೆ ಇರಬಹುದು ಎಂದುಕೊಂಡಿದ್ದೆ. ಅದೂ ಇತ್ತು. ಆದರೆ ನಡುವೆ ನಮ್ಮ ಕಿತ್ತೂರೇ ಸಿಕ್ಕಂತಾಯಿತು.

ಜಪಾನಿನಲ್ಲಿ ಚಕ್ರವರ್ತಿ ಕ್ಯೋಟೋದಲ್ಲಿ ಪೂಜ್ಯನಾಗಿ ಕುಳಿತಿರುತ್ತಿದ್ದ. 1603ರಿಂದ ಅಧಿಕಾರವೆಲ್ಲ ತೊಕುಗಾವ ಮನೆತನದ ಶೋಗುನ್‌ನ ಕೈಯಲ್ಲಿ. ಅವನ ಕೈಕೆಳಗೆ ನಮ್ಮ ದೇಸಗತಿಗಳಂತೆ ಸಂಸ್ಥಾನಿಕರು. ಸಂಸ್ಥಾನಿಕನಿಗೆ ಮಗನಿಲ್ಲದಿದ್ದರೆ ದತ್ತಕ ತೆಗೆದುಕೊಳ್ಳಬಹುದು. ಆದರೆ ಸಾಯುವ ಹಾಸಿಗೆಯ ಮೇಲೆ ತೆಗೆದುಕೊಂಡ ದತ್ತಕ ನಡೆಯದು ಎಂದು ಶೋಗುನ್‌ನ ಕಾಯಿದೆ. ಸಂಸ್ಥಾನ ಜಪ್ತಿ! ಹೀಗೆ ಹತ್ತಾರು ಮನೆತನಗಳು ಅಳಿದವು. ಒಂದು ಮನೆತನ ಅಳಿದರೆ ಅದನ್ನು ನಂಬಿದ ಸಾವಿರಾರು ಸಮುರಾಯಿಗಳಿಗೆ ಒಡೆಯನೂ ಇಲ್ಲ, ಅನ್ನವೂ ಇಲ್ಲ. ಇಂಥವರನ್ನು ರೋನಿನ್ ಎನ್ನುತ್ತಿದ್ದರು.

ಓದುತ್ತ ನನಗೆ ಸಂಗೊಳ್ಳಿ ರಾಯಣ್ಣ ನೆನಪಾದ. ಅವನೂ ಹೀಗೆಯೇ ಚಾಕರಿಗಾಗಿ ಹೊಲ ಪಡೆದ ಶೇತಸನದಿ. ಕಿತ್ತೂರಿನ ಮನೆ ಬಿದ್ದಾಗ ಅವನ ಹೊಲದ ಮೇಲೂ ಸರಕಾರದ ಕಣ್ಣು ಬಿತ್ತು. 1829ರಲ್ಲಿ ಮತ್ತೆ ದಂಗೆ ಎದ್ದು ಆ ದತ್ತುಮಗ ಶಿವಲಿಂಗಪ್ಪನನ್ನೇ ಪಟ್ಟಕ್ಕೆ ತರಲು ಹೊರಟ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ದತ್ತಕ ಮುರಿದರೆ ರಾಣಿಯೊಬ್ಬಳ ಮನೆಯಷ್ಟೇ ಮುರಿಯುವುದಿಲ್ಲ, ಊರೂರಿನ ಒಲೆ ಆರುತ್ತದೆ.

ಜಪಾನಿನಲ್ಲೂ ದಂಗೆಯ ಸಂಚು ನಡೆಯಿತು. 1651ರಲ್ಲಿ ರೋನಿನ್‌ಗಳು ಸರಕಾರವನ್ನೇ ಉರುಳಿಸಲು ಹೊಂಚಿ ಸಿಕ್ಕಿಬಿದ್ದರು. ಅದೇ ವರ್ಷ ಶೋಗುನ್‌ನ ಸರಕಾರ ಐವತ್ತು ತುಂಬದ ಸಂಸ್ಥಾನಿಕರಿಗೆ ಕೊನೆಗಳಿಗೆಯ ದತ್ತಕಕ್ಕೆ ಅಪ್ಪಣೆ ಕೊಟ್ಟಿತು. ಒಬ್ಬ ಅಧಿಕಾರಿ ಬಂದು ರೋಗಿಯ ಮೊಹರನ್ನು ಕಣ್ಣಾರೆ ನೋಡಬೇಕೆಂಬುದು ಕಟ್ಟಳೆ. ಬರಬರುತ್ತ ಏನಾಯಿತೆಂದರೆ, ಸಂಸ್ಥಾನಿಕ ಆಗಲೇ ಸತ್ತಿದ್ದರೂ ತೆರೆಯ ಹಿಂದೆ ಬಂಧುವೊಬ್ಬ ಮೊಹರು ಒತ್ತುತ್ತಿದ್ದ, ಅಧಿಕಾರಿ ತೆರೆಯ ಈಚೆ ಕುಳಿತು 'ಸರಿ' ಎಂದು ಎದ್ದು ಹೋಗುತ್ತಿದ್ದ! ಥ್ಯಾಕರೆ ಸಾಹೇಬನಿಗೆ ಇಂಥ ಒಂದು ತೆರೆ ಸಾಕಾಗಿತ್ತು ಎನಿಸಿ ನಗೆ ಬಂತು, ಹಿಂದೆಯೇ ಸಂಕಟವೂ ಬಂತು.

ನಮ್ಮಲ್ಲಿ ಆ ಬುದ್ಧಿ ಬರಲು ಬಹಳ ತಡವಾಯಿತು. ಡಾಲ್‌ಹೌಸಿ 1848ರಲ್ಲಿ ಸಾತಾರವನ್ನು ನುಂಗಿದ, ಆಮೇಲೆ ಝಾನ್ಸಿಯನ್ನು. ನನ್ನ ತವರಿನ ಕಡೆಯದೇ ಇನ್ನೊಂದು ಕಥೆ. ರಾಮದುರ್ಗ, ನರಗುಂದ ಎರಡೂ ಒಂದೇ ಭಾವೆ ಮನೆತನದ ಕವಲು. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಅಪ್ಪಣೆ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ರಾಮದುರ್ಗದಿಂದ ಹೊರಟಿದ್ದ ಮ್ಯಾನ್ಸನ್ ಸಾಹೇಬನನ್ನು ಅವನ ಕಡೆಯವರು ಸುರೇಬಾನದಲ್ಲಿ ರಾತ್ರಿ ಕೊಂದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿದರೆಂದು ನಮ್ಮಲ್ಲಿ ಹೇಳುತ್ತಾರೆ. ಇಷ್ಟೆಲ್ಲ ಆದ ಮೇಲೆ 1862ರಲ್ಲಿ ಕ್ಯಾನಿಂಗ್ ಉಳಿದ ಸಂಸ್ಥಾನಿಕರಿಗೆ ದತ್ತಕದ ಸನದು ಕೊಟ್ಟ.

ಈ ಪುಸ್ತಕ ನಾನು ಓದುತ್ತಿದ್ದ ಹೊತ್ತಿಗೇ ನಮ್ಮ ಮನೆಯಲ್ಲೂ ಬಾಗಿಲು ಅರ್ಧ ಮುಚ್ಚಿತ್ತು. ನನಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಮದುವೆಯಾದ ಮೇಲೆ ಅತ್ತೆಯವರಿಗೆ ಒಂದೇ ಚಿಂತೆ. "ಮೈದುನನ ಸಣ್ಣ ಹುಡುಗನ್ನ ದತ್ತಕ ತಗೋರಿ. ಮನೀ ಹೆಸರು ಉಳೀತೈತಿ. ಹೊಲ ಹೊರಗ ಹೋಗೂದಿಲ್ಲ" ಎಂದು ನಮ್ಮವರ ಬೆನ್ನು ಹತ್ತಿದ್ದರು. 1956ರ ಕಾಯಿದೆಯಂತೆ ಗಂಡುಮಗನಿಲ್ಲದವರು ಗಂಡುಮಗುವನ್ನು ದತ್ತಕ ತೆಗೆದುಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪೇಪರು ಓದುತ್ತ ಕುಳಿತರು.

"ಅಳಿಯಾನ ಮನೀಗೆ ಕರಕೊಂಡ್ರ ಹೆಂಗ?" ಎಂದೆ ಒಂದು ದಿನ. ಅತ್ತೆಯವರು, "ಮನೀ ಅಳಿಯ ಅಂತ ಮಂದಿ ನಗತಾರ" ಎಂದರು. ಜಪಾನಿನಲ್ಲಿ ನಗುತ್ತಿರಲಿಲ್ಲ. ಮಗಳಿಗೆ ತಕ್ಕ ಗಂಡನ್ನು ಹುಡುಕಿ ಅವನನ್ನೇ ದತ್ತಕ ಮಾಡಿಕೊಂಡು ಮನೆಯ ಹೆಸರು ಕೊಡುವುದು ದೊಡ್ಡ ದೊಡ್ಡ ಸಮುರಾಯಿ ಮನೆಗಳ ಪದ್ಧತಿ. ಉಯೆಸುಗಿ ಎಂಬ ಮನೆತನ 1664ರಲ್ಲಿ ವಾರಸುದಾರನಿಲ್ಲದೆ ಅರ್ಧ ಸೀಮೆಯನ್ನೇ ಕಳೆದುಕೊಂಡಿತ್ತು. ನೂರು ವರ್ಷ ಕಳೆದ ಮೇಲೆ ಸಾಲದಲ್ಲಿ ಮುಳುಗಿದ್ದ ಅದೇ ಮನೆಯನ್ನು ಎತ್ತಿದವನು ಒಂದು ಸಣ್ಣ ಸಂಸ್ಥಾನದಿಂದ ಬಂದ ಹಾರುನೊರಿ ಎಂಬ ಮನೆ ಅಳಿಯ. 1767ರಲ್ಲಿ ಪಟ್ಟಕ್ಕೆ ಬಂದವನೇ ಅರಿವೆ ಬಟ್ಟೆ ಉಟ್ಟು, ಒಂದು ಸಾರು ಒಂದು ಪಲ್ಯದಲ್ಲಿ ಊಟ ಮುಗಿಸಿ, ನೇಕಾರಿಕೆ ಬೆಳೆಸಿ, ಮುಚ್ಚಿದ್ದ ಶಾಲೆಯನ್ನು ತೆರೆಸಿದ.

ಹಾಗೆಂದು ಜಪಾನನ್ನು ಹೊಗಳುತ್ತ ಕೂಡುವ ಹಾಗಿಲ್ಲ. ಅಲ್ಲಿ ಎಂಟು ಹೆಂಗಸರು ಚಕ್ರವರ್ತಿಯ ಪೀಠದಲ್ಲಿ ಕುಳಿತಿದ್ದರು, ಕೊನೆಯವಳು 1762ರಿಂದ 1771ರವರೆಗೆ. 1889ರ ಕಾನೂನು ಹೆಣ್ಣಿಗೆ ಆ ಬಾಗಿಲು ಮುಚ್ಚಿತು. ನಮ್ಮ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ, ಹಿರಿಯರ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಕಾನೂನಾಯಿತು. ಕಾನೂನು ತೆರೆದ ಬಾಗಿಲನ್ನು ಪಡಸಾಲೆಯಲ್ಲಿ ಅರ್ಧ ಮುಚ್ಚುವವರು ನಾವೇ.

ಕೊನೆಗೆ ಮಾತು ತೀರ್ಮಾನವಾದದ್ದು ಇತಿಹಾಸದಿಂದಲೂ ಅಲ್ಲ, ಕಾನೂನಿನಿಂದಲೂ ಅಲ್ಲ. ಒಂದು ದಿನ ನೆಗೆಣ್ಣಿ ರೊಟ್ಟಿ ಬಡಿಯುತ್ತ ಕುಳಿತವಳು ಸುಮ್ಮನೆ ಕೈ ನಿಲ್ಲಿಸಿದಳು. "ಅಕ್ಕಾ, ಕೊಡ್ತೇನಿ ಅಂತ ಅತ್ತಿಗೆ ಅಂದೀನಿ ಖರೆ. ರಾತ್ರಿ ನಿದ್ದಿ ಹತ್ತವಲ್ದು" ಎಂದಳು. ದತ್ತಕದ ಕಥೆಗಳಲ್ಲಿ ತೆಗೆದುಕೊಂಡವರ ಹೆಸರು ಉಳಿಯುತ್ತದೆ. ಕೊಟ್ಟ ತಾಯಿ ಒಲೆಯ ಮುಂದೆ ಹೀಗೆ ಕುಳಿತಿರುತ್ತಾಳೆ. ಅವಳ ಕೈಯಿಂದ ಹಿಟ್ಟು ತೆಗೆದುಕೊಂಡು ನಾನೇ ನಾಲ್ಕು ರೊಟ್ಟಿ ಬಡಿದೆ. ಅಂದು ರಾತ್ರಿ ಇವರಿಗೆ ಹೇಳಿದೆ, "ಹುಡುಗ ಅವರವ್ವನ ಕಡೇನ ಇರಲಿ."

ಅತ್ತೆಯವರಿಗೆ ಸಿರಸಂಗಿಯ ಲಿಂಗರಾಜ ದೇಸಾಯಿಯರ ಕಥೆ ಹೇಳಿದೆ. ಸವದತ್ತಿ ತಾಲೂಕಿನವರಾದ್ದರಿಂದ ತಂಗಿಯ ಊರಿನವರೇ ಅನ್ನಿ. ಅವರೂ ಆ ಮನೆಗೆ ದತ್ತಕ ಬಂದವರು. 1906ರಲ್ಲಿ ತೀರಿಕೊಳ್ಳುವ ಮೊದಲು ಸಂಸ್ಥಾನದ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. "ಅವರ ಮನೀ ಹೆಸರು ಹೋತೇನ್ರಿ ಅತ್ತಿ?" ಎಂದೆ.

ಅವರು ಉತ್ತರ ಕೊಡಲಿಲ್ಲ. ಇವರು ಮರುವಾರ ತಲಾಠಿಯ ಹತ್ತಿರ ಹೋಗಿ ಹೊಲದ ಉತಾರದಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರು ಸೇರಿಸುವುದು ಹೇಗೆಂದು ಕೇಳಿಕೊಂಡು ಬಂದರು. ಅತ್ತೆಯವರಿಗೆ ಇನ್ನೂ ಸಮಾಧಾನವಿಲ್ಲ. ಆದರೆ ಮೈದುನನ ಮಗ ಮೊದಲಿನ ಹಾಗೆಯೇ ದಿನಾ ಸಂಜೆ ಬರುತ್ತಾನೆ, ದೊಡ್ಡವ್ವಾ ಎಂದು ಕೂಗುತ್ತ ನೇರವಾಗಿ ಅಡುಗೆಮನೆಗೆ ನುಗ್ಗಿ ಶೇಂಗಾದ ಉಂಡಿಯ ಡಬ್ಬಿ ತೆಗೆಯುತ್ತಾನೆ. ಹೊತ್ತು ಮುಳುಗಿದ ಮೇಲೆ ಅವನವ್ವ ಬಂದು ಕರೆದುಕೊಂಡು ಹೋಗುತ್ತಾಳೆ.